ಕಾಲು ಮಿಲಿಮೀಟರಿನ ಕೆಲಸ: ಕಿಟ್ ಗಿಟಾರಿನ ದಿನಚರಿ

6 ಜನವರಿ 2024, ಶನಿವಾರ

ಪೆಟ್ಟಿಗೆ ಬಂತು: ಬಿಡಿಭಾಗಗಳಾಗಿ ಬರುವ, ನಾವೇ ಜೋಡಿಸಿಕೊಳ್ಳಬೇಕಾದ ಎಲೆಕ್ಟ್ರಿಕ್ ಗಿಟಾರಿನ ಕಿಟ್. ಆಶ್ ಮರದ ಬಾಡಿ, ಮೇಪಲ್ ನೆಕ್, ಅದರ ಮೇಲೆ ರೋಸ್‌ವುಡ್ ಫ್ರೆಟ್‌ಬೋರ್ಡ್, ಎರಡು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ), ತಂತಿಗಳನ್ನು ಬಾಡಿಯ ಮೇಲೆ ಹಿಡಿಯುವ ಬ್ರಿಡ್ಜ್, ಟ್ಯೂನರ್‌ಗಳು, ಚೀಲದ ತುಂಬ ಸ್ಕ್ರೂ. ಟೆಲಿಕ್ಯಾಸ್ಟರ್ ಮಾದರಿ. ಜೊತೆಗಿದ್ದ ಸೂಚನೆಯ ಹಾಳೆ ಓದಿದರೆ ಬಣ್ಣ ಹಚ್ಚಿ, ಸ್ಕ್ರೂ ಬಿಗಿದು, ನುಡಿಸಲು ಕೂತುಬಿಡಬಹುದು ಅನ್ನಿಸುತ್ತೆ. ಅಳತೆಯ ಮಾತೇ ಅದರಲ್ಲಿಲ್ಲ.

ನನ್ನ ಮಟ್ಟಿಗೆ ಕಿಟ್ ಕೆಲಸ ಶುರುವಾಗುವುದೇ ಅಳತೆಯಿಂದ. ಬಣ್ಣ ತಾಗದ ಮರವನ್ನೇ ಒಮ್ಮೆ ಪೂರ್ತಿ ಜೋಡಿಸಿ ನೋಡಬೇಕು. ನೆಕ್ಕನ್ನು ಅದರ ಗುಳಿಯಲ್ಲಿ ಕೂರಿಸಿ, ಎರಡೂ ಅಂಚಿನ E ತಂತಿಯ ಜಾಗದಲ್ಲಿ ನೂಲು ಎಳೆದೆ. ಎರಡು ನೂಲೂ ಫ್ರೆಟ್‌ಬೋರ್ಡಿನ ಅಂಚಿನಿಂದ ಸಮ ದೂರದಲ್ಲಿ ಓಡಬೇಕು. ಒಂದು ಕಡೆ ಜಾರಿದ್ದರೆ ಈಗಲೇ ಸರಿಪಡಿಸುವುದು ಸುಲಭ, ವಾರ್ನಿಷ್ ಆದ ಮೇಲೆ ಸಂಕಟ. ಆಮೇಲೆ ಸ್ಕೇಲ್ ಲೆಂತ್, ಅಂದರೆ ತಂತಿ ನುಡಿಯುವ ಉದ್ದ. ಈ ಮಾದರಿಗೆ 25.5 ಇಂಚು, ಅಂದರೆ 648 ಮಿಲಿಮೀಟರ್. ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ) 12ನೇ ಫ್ರೆಟ್‌ಗೆ (ಫ್ರೆಟ್‌ಬೋರ್ಡಿನ ಲೋಹದ ಅಡ್ಡಪಟ್ಟಿ) ಅದರ ಅರ್ಧ, 324. ಅಳೆದೆ, ಸರಿಯಿದೆ. ತೆಳು E ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ನಟ್‌ನಿಂದ 648ರ ಹತ್ತಿರ ಬಂದು, ಹಿಂದೆ ಸರಿಯಲು ಇನ್ನೂ ಜಾಗ ಉಳಿದಿರುವ ಹಾಗೆ ಬ್ರಿಡ್ಜ್ ಕೂರಬೇಕು. ಅದೂ ಸರಿಯಿದೆ.

ಇಂಥ ಗಿಟಾರನ್ನು ಯಾರು ಬೇಕಾದರೂ ಮೇಜಿನ ಮೇಲಿಟ್ಟು ಜೋಡಿಸಬಹುದು ಅಂದರೆ ಅದರ ಪುಣ್ಯ ಲಿಯೋ ಫೆಂಡರ್‌ಗೆ ಸೇರಬೇಕು. ಮನುಷ್ಯ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನೆಕ್ಕನ್ನು ಅಂಟಿನಿಂದ ಕೂಡಿಸುವ ಬದಲು ನಾಲ್ಕು ಸ್ಕ್ರೂಗಳಿಂದ ಬಿಗಿದ. ಕೆಟ್ಟರೆ ಬಿಚ್ಚು, ಬೇರೆ ಹಾಕು. 1950ರಲ್ಲಿ ಬಂದ ಎರಡು ಪಿಕಪ್‌ನ ಆ ಗಿಟಾರಿಗೆ ಮೊದಲಿಟ್ಟ ಹೆಸರು ಬ್ರಾಡ್‌ಕ್ಯಾಸ್ಟರ್. ಗ್ರೆಚ್ ಕಂಪನಿಯ ಡ್ರಮ್‌ಗಳಿಗೆ ಆಗಲೇ ಅಂಥದ್ದೇ ಹೆಸರಿದ್ದುದರಿಂದ ತಕರಾರು ಬಂದು, 1951ರಲ್ಲಿ ಅದು ಟೆಲಿಕ್ಯಾಸ್ಟರ್ ಆಯಿತು. ನಡುವಿನ ತಿಂಗಳುಗಳಲ್ಲಿ ತಯಾರಾದವಕ್ಕೆ ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ನೆಕ್ಕಿನ ತಲೆ) ಮೇಲೆ ಮಾದರಿಯ ಹೆಸರೇ ಇಲ್ಲ. ಸಂಗ್ರಾಹಕರು ಅವನ್ನು ನೋಕ್ಯಾಸ್ಟರ್ ಅಂತ ಕರೆದು ಮುಗಿಬೀಳುತ್ತಾರೆ.

7 ಜನವರಿ, ಭಾನುವಾರ

ಹೆಡ್‌ಸ್ಟಾಕ್ ಕತ್ತರಿಸಿದೆ. ಕಿಟ್‌ನಲ್ಲಿ ಅದು ಬರೀ ಚಪ್ಪಟೆ ಹಲಗೆಯಾಗಿ ಬರುತ್ತೆ, ಯಾಕೆಂದರೆ ಫೆಂಡರ್ ಹೆಡ್‌ಸ್ಟಾಕ್‌ನ ಆಕಾರ ಟ್ರೇಡ್‌ಮಾರ್ಕ್. ಬಾಡಿಯ ಆಕಾರಕ್ಕೂ ಅದೇ ರಕ್ಷಣೆ ಕೇಳಿದ್ದ ಕಂಪನಿಗೆ 2009ರಲ್ಲಿ ಅಮೆರಿಕದಲ್ಲಿ ಅದು ಸಿಗಲಿಲ್ಲ. ನಾನು ರಟ್ಟಿನ ಮೇಲೆ ನನ್ನದೇ ಒಂದು ಆಕಾರ ಬರೆದು, ಟ್ಯೂನರ್ ತೂತುಗಳ ಸುತ್ತ ಸಾಕಷ್ಟು ಮರ ಬಿಟ್ಟು, ಕೋಪಿಂಗ್ ಗರಗಸದಲ್ಲಿ ಗೆರೆಯ ಹೊರಗೇ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಿದೆ. ಚೆಂದ ಬಂದಿದೆ. ಹೆಚ್ಚು ಬರೆಯುವಂಥದ್ದೇನಿಲ್ಲ.

14 ಜನವರಿ, ಭಾನುವಾರ

ಉಪ್ಪುಕಾಗದದ ವಾರ. ಮೊದಲು 120, ಆಮೇಲೆ 180, ಕೊನೆಗೆ 220. ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲೇ. ಅಡ್ಡ ಉಜ್ಜಿದ ಗೀರು ಬರಿಗಣ್ಣಿಗೆ ಕಾಣದು. ಬಣ್ಣ ಬಿದ್ದ ಕ್ಷಣವೇ ಎದ್ದು ಕಾಣುತ್ತೆ. ಕಿಟ್ ಬಾಡಿಗಳಲ್ಲಿ ಇನ್ನೊಂದು ಗುಪ್ತ ಶತ್ರು ಅಂಟು. ಎರಡು ಮೂರು ಹಲಗೆ ಕೂಡಿಸಿ ಮಾಡಿದ ಬಾಡಿಯಲ್ಲಿ ಸಂದಿನಿಂದ ಒಸರಿದ ಅಂಟು ಒಣಗಿ ಕೂತಿರುತ್ತೆ, ಆ ಜಾಗ ಬಣ್ಣ ಕುಡಿಯುವುದಿಲ್ಲ. ಮಿನರಲ್ ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಅಂಥ ಕಲೆಗಳು ಮಸುಕಾಗಿ ತೋರುತ್ತವೆ. ಅದು ಆರುವಷ್ಟರಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಬೇಕು.

ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದೆ. ನೀರು ಕುಡಿದ ಮರದ ಎಳೆಗಳು ನಿಮಿರಿ ನಿಂತು ಮೈ ತರಿತರಿ ಆಗುತ್ತೆ. ಒಣಗಿದ ಮೇಲೆ ಹೊಸ 220 ಕಾಗದವನ್ನು ಹಗುರಾಗಿ ಆಡಿಸಿದರೆ ಮತ್ತೆ ಏಳುವುದಿಲ್ಲ.

20 ಜನವರಿ, ಶನಿವಾರ

ಆಶ್ ಮರದ ರಂಧ್ರಗಳು ದೊಡ್ಡವು. ಹಾಗೇ ವಾರ್ನಿಷ್ ಬಳಿದರೆ ಎಷ್ಟು ಪದರ ಹಾಕಿದರೂ ಒಳಗೆ ಇಂಗುತ್ತಲೇ ಇರುತ್ತೆ. ಅದಕ್ಕೇ ಗ್ರೇನ್ ಫಿಲ್ಲರ್. ಕಪ್ಪು ಬಣ್ಣ ಬೆರೆಸಿದ್ದನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಎಳೆಗೆ ಅಡ್ಡಲಾಗಿ ಒತ್ತಿ ತುಂಬಿದೆ. ಎಳೆಯ ಜೊತೆಗೇ ಎಳೆದರೆ ತುಂಬಿದ್ದೇ ಹೊರಬರುತ್ತೆ. ಒಣಗಿದ ಮೇಲೆ ಮೇಲ್ಮೈಯದ್ದನ್ನೆಲ್ಲ ಉಜ್ಜಿ ತೆಗೆದರೆ ರಂಧ್ರಗಳಲ್ಲಿ ಮಾತ್ರ ಕಪ್ಪು ಉಳಿಯಿತು. ಮರದ ಗೆರೆಗಳು ಯಾರೋ ಶಾಯಿಯಲ್ಲಿ ತಿದ್ದಿದ ಹಾಗಿವೆ.

ಮರದ ವಿಷಯ ಬಂದಾಗ ಒಂದು ಜಗಳ ತಪ್ಪಿದ್ದಲ್ಲ. ಎಲೆಕ್ಟ್ರಿಕ್ ಗಿಟಾರಿನ ನಾದಕ್ಕೆ ಮರ ಎಷ್ಟು ಮುಖ್ಯ? ನನ್ನ ಅಭಿಪ್ರಾಯ: ಬಹಳ ಕಡಿಮೆ. ಪಿಕಪ್ ಕೇಳಿಸಿಕೊಳ್ಳುವುದು ಉಕ್ಕಿನ ತಂತಿಯ ಚಲನೆಯನ್ನು, ಮರದ ಹಾಡನ್ನಲ್ಲ. ಬ್ರಯಾನ್ ಮೇ ಹುಡುಗನಾಗಿದ್ದಾಗ, 1963ರಲ್ಲಿ, ಅಪ್ಪನ ಜೊತೆ ಸೇರಿ ಕಟ್ಟಲು ಶುರುಮಾಡಿದ ಗಿಟಾರಿನ ನೆಕ್ ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ತುಂಡು. ಸ್ವರ ನಡುಗಿಸುವ ಟ್ರೆಮೊಲೋಗೆ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡಿನ ಚುಕ್ಕೆಗಳಿಗೆ ಮುತ್ತಿನ ಚಿಪ್ಪಿನ ಗುಂಡಿ. ಆ ಗಿಟಾರನ್ನೇ ಆತ ಕ್ವೀನ್ ರಾಕ್ ತಂಡದಲ್ಲಿ ಜೀವಮಾನವಿಡೀ ನುಡಿಸಿದ. ಮರದ ಜಾತಿ ಕೇಳಿ ಮೂಗು ಮುರಿಯುವವರು ಇದನ್ನು ಮೊದಲು ನೋಡಲಿ.

10 ಫೆಬ್ರವರಿ, ಶನಿವಾರ

ಒರೆಸಿ ಹಚ್ಚುವ ಎಣ್ಣೆ-ವಾರ್ನಿಷ್ ಆರಿಸಿಕೊಂಡಿದ್ದೆ. ಸ್ಪ್ರೇ ಬೇಡ, ಧೂಳಿಲ್ಲದ ಕೋಣೆ ಬೇಡ. ಬಟ್ಟೆಯಲ್ಲಿ ತೆಳುವಾಗಿ ಒರೆಸು, ಒಣಗಲು ಬಿಡು, 400 ಕಾಗದದಲ್ಲಿ ಹಗುರಾಗಿ ಉಜ್ಜು, ಮತ್ತೆ ಒರೆಸು. ಹಳೆಯ ಗಿಟಾರುಗಳ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಚೆಂದವೇ, ಆದರೆ ಅದರ ಆವಿ ವಿಷ, ಬೇಗ ಹೊತ್ತಿಕೊಳ್ಳುವಂಥದ್ದು. ಸರಿಯಾದ ಮಾಸ್ಕ್, ಗಾಳಿಯಾಡುವ ಜಾಗ ಇಲ್ಲದವರಿಗೆ ಅದರ ಸಹವಾಸ ಬೇಡ. ಫ್ರೆಟ್‌ಬೋರ್ಡಿಗೆ ಟೇಪ್ ಸುತ್ತಿ ನೆಕ್ಕಿನ ಹಿಂಭಾಗಕ್ಕೂ ಅದನ್ನೇ ಹಚ್ಚಿದೆ. ಹೊಳಪು ಹೆಚ್ಚಾದರೆ ಬೆವರಿದ ಅಂಗೈ ಅಂಟುತ್ತೆ, ಹಾಗಾಗಿ ಅಲ್ಲಿ ತೆಳು ಪದರ ಸಾಕು.

ಒಂದು ಎಚ್ಚರಿಕೆ ದಪ್ಪಕ್ಷರದಲ್ಲಿ ಬರೆಯಬೇಕಾದ್ದು: ಲಿನ್ಸೀಡ್‌ನಂಥ ಒಣಗುವ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆಮಾಡಿ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಹುಟ್ಟುತ್ತೆ, ಮುದ್ದೆಯೊಳಗೆ ಅದು ಹೊರಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಮುಟ್ಟಿದರೆ ಅಂಟದು ಅಂದಮಾತ್ರಕ್ಕೆ ವಾರ್ನಿಷ್ ಗಟ್ಟಿಯಾಯಿತು ಅಂತಲ್ಲ. ಮೂಗಿಗೆ ವಾಸನೆ ಹತ್ತುತ್ತಿರುವಷ್ಟು ದಿನವೂ ಅದು ಒಳಗೆ ಒಣಗುತ್ತಲೇ ಇರುತ್ತೆ. ಈಗ ಬಾಡಿಯನ್ನು ತೂಗುಹಾಕಿ ಸುಮ್ಮನಿದ್ದೇನೆ.

24 ಫೆಬ್ರವರಿ, ಶನಿವಾರ

ಇವತ್ತು ಬೆಸುಗೆ. ನನಗೆ ಅತಿ ಇಷ್ಟದ ದಿನ.

ಮೊದಲು ಗುಳಿಗಳಿಗೆಲ್ಲ ತಾಮ್ರದ ಫಾಯಿಲ್ ಅಂಟಿಸಿದೆ. ಅಂಚುಗಳು ಒಂದರ ಮೇಲೊಂದು ಬರಬೇಕು, ಎಲ್ಲ ತುಂಡೂ ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿದ್ದು ಗ್ರೌಂಡ್‌ಗೆ ಸೇರಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ ಬೀಪ್ ಅನ್ನಬೇಕು. ಫಾಯಿಲ್ ಹಾಕಿದರೆ ಹಮ್ (ಆಂಪ್‌ನಲ್ಲಿ ಕೇಳುವ ಗುನುಗು ಸದ್ದು) ಪೂರ್ತಿ ಮಾಯ ಅನ್ನುವವರ ಮಾತು ನಂಬಬೇಡಿ. ಅದು ತಡೆಯುವುದು ಟ್ಯೂಬ್‌ಲೈಟ್, ಡಿಮ್ಮರ್‌ಗಳಿಂದ ಬರುವ ಗುಯ್‌ಗುಟ್ಟುವ ವಿದ್ಯುತ್ ಕ್ಷೇತ್ರವನ್ನು. ಟ್ರಾನ್ಸ್‌ಫಾರ್ಮರ್ ಹೊಮ್ಮಿಸುವ ಕಾಂತಕ್ಷೇತ್ರಕ್ಕೆ ತೆಳು ತಾಮ್ರ ಲೆಕ್ಕಕ್ಕಿಲ್ಲ. ಸಿಂಗಲ್ ಕಾಯಿಲ್ ಅಂದರೆ ಸಾವಿರಾರು ಸುತ್ತಿನ ತಂತಿ, ಅದು ತನ್ನ ಮುಂದೆ ಅಲುಗುವ ಉಕ್ಕಿಗೂ ಗೋಡೆಯೊಳಗಿನ ಕರೆಂಟಿಗೂ ಒಂದೇ ಥರ ಓಗೊಡುತ್ತೆ. ಗಿಬ್ಸನ್ ಗಿಟಾರ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಇದಕ್ಕೆ ಮಾಡಿದ ಉಪಾಯ ಸೊಗಸಾದದ್ದು: ಎರಡು ಕಾಯಿಲ್, ಸುತ್ತು ಉಲ್ಟಾ, ಕಾಂತಧ್ರುವವೂ ಉಲ್ಟಾ. ತಂತಿಯ ಸದ್ದು ಎರಡರಲ್ಲೂ ಸೇರಿ ಹೆಚ್ಚುತ್ತೆ, ಹಮ್ ಒಂದಕ್ಕೊಂದು ಹೊಡೆದುಕೊಂಡು ಅಳಿಯುತ್ತೆ. ಅದೇ ಹಂಬಕರ್. ನನ್ನ ಕಿಟ್‌ನ ಎರಡು ಪಿಕಪ್‌ಗಳಲ್ಲಿ ಒಂದು ಹೀಗೆ ಉಲ್ಟಾ ಇರುವುದರಿಂದ ಸ್ವಿಚ್‌ನ ನಡು ಸ್ಥಾನದಲ್ಲಿ ಆ ಲಾಭ ಪುಕ್ಕಟೆ.

ವೈರಿಂಗ್ ಸರಳ: ಮೂರು ಸ್ಥಾನದ ಸ್ವಿಚ್, ವಾಲ್ಯೂಮ್‌ಗೊಂದು ಟೋನ್‌ಗೊಂದು 250 ಕಿಲೋಓಮ್ ಪಾಟ್ (ಗುಂಡಿ ತಿರುಗಿಸಿ ರೋಧ ಬದಲಿಸುವ ಭಾಗ), ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಜ್ಯಾಕ್. ಹಂಬಕರ್ ಇದ್ದಿದ್ದರೆ 500 ಕಿಲೋಓಮ್ ಹಾಕುತ್ತಾರೆ. ಪಾಟ್‌ನ ರೋಧ ಕಡಿಮೆಯಾದಷ್ಟೂ ತಾರಸ್ವರದ ಮೊನಚು ಗ್ರೌಂಡ್‌ಗೆ ಸೋರುತ್ತೆ. ಸಿಂಗಲ್ ಕಾಯಿಲ್‌ನ ಚುಚ್ಚುವ ಗುಣಕ್ಕೆ ಅಷ್ಟು ಸೋರಿಕೆ ಬೇಕೇ ಬೇಕು. ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ ಕೂರಿಸುವುದು ಒಂದೇ ತಕರಾರಿನ ಜಾಗ. ಆ ಲೋಹ ಶಾಖವನ್ನೆಲ್ಲ ನುಂಗುತ್ತೆ. ಅರದಿಂದ ಸ್ವಲ್ಪ ಕೆರೆದು, ಅಗಲ ಮೊನೆಯ ಐರನ್ ಇಟ್ಟು, ಸೀಸ ತಾನಾಗಿ ಹರಡಿ ಹೊಳೆಯುವಂತಾದಾಗ ತೆಗೆದುಬಿಡಬೇಕು. ಮಸುಕಾಗಿ ಉಂಡೆಕಟ್ಟಿದರೆ ಅದು ಬೆಸುಗೆಯಲ್ಲ, ಬರೀ ಅಂಟಿಕೊಂಡ ನಾಟಕ. ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಮರೆತವರ ಗಿಟಾರು ತಂತಿ ಮುಟ್ಟಿದರೂ ಗುನುಗುತ್ತಲೇ ಇರುತ್ತೆ.

ತಂತಿ ಹಾಕುವ ಮುಂಚೆಯೇ ಆಂಪ್‌ಗೆ ಚುಚ್ಚಿ ಪಿಕಪ್‌ಗಳ ಮೇಲೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿದೆ. ಟಕ್, ಟಕ್. ಸ್ವಿಚ್ ಹೇಳಿದ ಮಾತು ಕೇಳುತ್ತಿದೆ.

2 ಮಾರ್ಚ್, ಶನಿವಾರ

ನೆಕ್ ಕೂತಿತು. ಮೇಪಲ್ ಗಟ್ಟಿ ಮರ, ಮೊದಲೇ ಕೊರೆದ ಸರಿಯಾದ ಪೈಲಟ್ ತೂತಿಲ್ಲದೆ ಸ್ಕ್ರೂ ತಿರುಗಿಸಿದರೆ ತಲೆಯೇ ಮುರಿದು ಬರುತ್ತೆ. ಸ್ಕ್ರೂವಿನ ಸುರುಳಿಗೆ ಮೇಣ ಸವರಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತೆ. ತಂತಿ ಹಾಕಿದೆ, 10ರಿಂದ 46ರ ಸೆಟ್ (ಇಂಚಿನ ಸಾವಿರದ ಪಾಲಿನಲ್ಲಿ ತಂತಿಗಳ ದಪ್ಪ). ಶ್ರುತಿಗೆ ಏರಿಸಿದಾಗ ಆರೂ ಸೇರಿ 45 ಕಿಲೋಗ್ರಾಂಗೂ ಹೆಚ್ಚಿನ ಭಾರದಲ್ಲಿ ನೆಕ್ಕನ್ನು ಬಾಗಿಸುತ್ತವೆ. ಅದಕ್ಕೆ ಎದುರಾಗಿ ಒಳಗೊಂದು ಉಕ್ಕಿನ ಕಂಬಿ, ಟ್ರಸ್ ರಾಡ್; ಹೊಂದಿಸಬಹುದಾದ ಇಂಥ ಕಂಬಿಗೆ ಗಿಬ್ಸನ್‌ನ ಥ್ಯಾಡಿಯಸ್ ಮೆಕ್‌ಹ್ಯೂಗೆ 1923ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಕೊನೆಯ ಫ್ರೆಟ್ಟನ್ನು ಬೆರಳಿನಿಂದ ಒತ್ತು, 7ನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡು. ಕಾಲು ಮಿಲಿಮೀಟರ್ ಹತ್ತಿರ ಇದ್ದರೆ ಸಾಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಆಮೇಲೆ ಮರಕ್ಕೆ ಹೊಂದಿಕೊಳ್ಳಲು ಹೊತ್ತು ಕೊಡಬೇಕು.

ನಿಜವಾದ ಕೆಲಸ ಇರುವುದು ನಟ್‌ನಲ್ಲಿ. ಕಿಟ್ ತಯಾರಕರು ಅಪಾಯ ಬೇಡ ಅಂತ ಕಚ್ಚುಗಳನ್ನು ಮೇಲ್ಮಟ್ಟದಲ್ಲೇ ಬಿಟ್ಟಿರುತ್ತಾರೆ. ಕಚ್ಚು ಎತ್ತರವಿದ್ದರೆ ಮೊದಲ ಫ್ರೆಟ್‌ಗೆ ತಂತಿ ಒತ್ತುವಾಗ ಬಲ ಹೆಚ್ಚು ಬೇಕು, ತಂತಿ ಹಿಗ್ಗಿ ಸ್ವರ ಏರುತ್ತೆ. ತೆರೆದ ತಂತಿಗಳು ಶ್ರುತಿಯಲ್ಲಿದ್ದರೂ F ಕಾರ್ಡ್ ಹುಳಿ ಹುಳಿ. ಎಷ್ಟೋ ಜನ ತಮ್ಮ ಬೆರಳನ್ನೇ ಬೈದುಕೊಂಡು ಗಿಟಾರು ಬಿಟ್ಟುಬಿಡುವುದು ಇದರಿಂದಲೇ ಅಂತ ನನ್ನ ಗುಮಾನಿ. 3ನೇ ಫ್ರೆಟ್ ಒತ್ತಿ ಹಿಡಿದು 1ನೇ ಫ್ರೆಟ್‌ನ ಮೇಲೆ ನೋಡಿದರೆ ಒಂದು ಕೂದಲೆಳೆ ಸಂದು ಇರಬೇಕು, ಅಷ್ಟೇ. ತಂತಿಯ ದಪ್ಪಕ್ಕೆ ಹೊಂದುವ ಸಣ್ಣ ಅರದಿಂದ, ಹೆಡ್‌ಸ್ಟಾಕ್ ಕಡೆಗೆ ಇಳಿಜಾರಾಗಿ, ಎರಡು ಮೂರು ಸಲ ಎಳೆದು ಮತ್ತೆ ತಂತಿ ಕೂರಿಸಿ ನೋಡುತ್ತ ಹೋದೆ. ಕೊನೆಗೆ ಪೆನ್ಸಿಲ್ ಪುಡಿ ಸವರಿದೆ, ತಂತಿ ಸಿಕ್ಕಿಕೊಳ್ಳದೆ ಜಾರಲಿ ಅಂತ.

3 ಮಾರ್ಚ್, ಭಾನುವಾರ

ಒಂದು ಎತ್ತರದ ಫ್ರೆಟ್ ಸಿಕ್ಕಿತು. ಮೂರು ಫ್ರೆಟ್ ಮುಟ್ಟುವ ಚಿಕ್ಕ ಉಕ್ಕಿನ ಪಟ್ಟಿ ಅದರ ಮೇಲೆ ತೂಗಾಡಿತು. ಮಾರ್ಕರ್ ಹಚ್ಚಿ, ಶಾಯಿ ಹೋಗುವಷ್ಟೇ ಉಜ್ಜಿ, ಮತ್ತೆ ಗುಂಡಗೆ ಮಾಡಿ ಮೆರುಗು ಕೊಟ್ಟೆ. ಉಕ್ಕಿನ ಉಣ್ಣೆ ಬಳಸುವವರು ಪಿಕಪ್ ಮುಚ್ಚಿಕೊಳ್ಳಿ. ಅದರ ಚೂರು ಕಾಂತಕ್ಕೆ ಹತ್ತಿದರೆ ಮತ್ತೆ ಬಿಡದು.

ಆಮೇಲೆ ಇಂಟೊನೇಶನ್. 12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸುವುದು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ನನ್ನ ಬ್ರಿಡ್ಜ್ ಹಳೆಯ ಶೈಲಿಯದು: ಮೂರೇ ಹಿತ್ತಾಳೆಯ ಸ್ಯಾಡಲ್, ಒಂದಕ್ಕೆ ಎರಡು ತಂತಿ. ಸುತ್ತಿಲ್ಲದ G ತಂತಿಗೆ ಹಿಂದೆ ಹೋಗಬೇಕು, ಅದರ ಜೊತೆಗಾರ ಸುತ್ತಿರುವ Dಗೆ ಅಷ್ಟು ಬೇಡ. ನಡುವೆ ನಿಲ್ಲಿಸಿ ಇಬ್ಬರಿಗೂ ಚೂರು ಅನ್ಯಾಯ ಮಾಡಿದೆ. ಆರು ಸ್ಯಾಡಲ್ ಹಾಕಿಕೊಳ್ಳಬಹುದಿತ್ತು, ಹಾಕುವುದಿಲ್ಲ. ಪ್ರತಿ ಫ್ರೆಟ್‌ಗೂ ಉಳಿದ ತಂತಿಯನ್ನು 17.817ರಿಂದ ಭಾಗಿಸಿ ಇಟ್ಟ ಜಾಗಗಳು ಇವು. ಈ ಸಮಪಾಲಿನಲ್ಲಿ ಮೇಜರ್ ಥರ್ಡ್ (ಷಡ್ಜದಿಂದ ಗಾಂಧಾರದ ಅಂತರ) ಶುದ್ಧ ಸ್ವರಕ್ಕಿಂತ ಹೇಗೂ 14 ಸೆಂಟ್ (ಒಂದು ಫ್ರೆಟ್‌ನ ಅಂತರದ ನೂರನೇ ಪಾಲು ಒಂದು ಸೆಂಟ್) ಎತ್ತರದಲ್ಲೇ ಇರುತ್ತೆ. ಅದನ್ನು ಸಹಿಸುವ ಕಿವಿ ಇನ್ನೆರಡು ಸೆಂಟ್ ಸಹಿಸೀತು.

12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ದಪ್ಪ E ಕಡೆ 2 ಮಿಲಿಮೀಟರ್, ತೆಳು ಕಡೆ 1.6. ನೆಕ್ ಪಿಕಪ್ ತಂತಿಗೆ ತೀರಾ ಹತ್ತಿರವಿದ್ದು ಕಾಂತದ ಸೆಳೆತಕ್ಕೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ನಡುಗುತ್ತಿತ್ತು, ಸ್ಕ್ರೂ ತಿರುಗಿಸಿ ಇಳಿಸಿದೆ. ಬ್ರಿಡ್ಜ್ ಪಿಕಪ್ ಈಗ ಅದಕ್ಕಿಂತ ಜೋರು. ನಾಳೆ ಅದನ್ನೂ ಒಂದಿಷ್ಟು ಇಳಿಸಬೇಕು.