ಇಲಿಗೆ ಮೊದಲೇ ಕೊಟ್ಟ ಮದ್ದು

ತೀವ್ರ ಸೋಂಕಿನಲ್ಲಿ ಕರುಳಿನ ಒಳಪದರವನ್ನು ಸಸ್ಯಜನ್ಯ ಸಂಯುಕ್ತಗಳು ಕಾಪಾಡುತ್ತವೆ ಎನ್ನುವ ಸಂಶೋಧನಾ ಬರಹ ಕೈಗೆ ಸಿಕ್ಕಾಗಲೆಲ್ಲ ನಾನು ಮೊದಲು ಹುಡುಕುವುದು ಫಲಿತಾಂಶವನ್ನಲ್ಲ, ಇಲಿಗೆ ಅದನ್ನು ಯಾವಾಗ ಕೊಟ್ಟರು ಎಂಬುದನ್ನು.

ಕರುಳಿನೊಳಗಿನ ಅಸಂಖ್ಯ ಬ್ಯಾಕ್ಟೀರಿಯಾಗಳಿಂದ ನಮ್ಮ ರಕ್ತವನ್ನು ಬೇರ್ಪಡಿಸಿರುವುದು ಲೋಳೆಯ ಹೊದಿಕೆ ಮತ್ತು ಅದರಡಿಯ ಒಂದೇ ಸಾಲಿನ ಜೀವಕೋಶಗಳು. ಈ ಕೋಶಗಳನ್ನು ಕ್ಲಾಡಿನ್, ಆಕ್ಲುಡಿನ್ ಮೊದಲಾದ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಿಟ್ಟಿರುತ್ತವೆ. ಸೋಂಕಿಗೆ ದೇಹವು ಹದತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಗಳಿಗೇ ಹಾನಿ ಮಾಡಿಕೊಳ್ಳುವ ಸ್ಥಿತಿಗೆ, ಅಂದರೆ ಸೆಪ್ಸಿಸ್‌ಗೆ, ರೋಗಿ ಜಾರಿದಾಗ ಕರುಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಮೊದಲು ಬಳಲುವುದು ಒಳಗೋಡೆಯ ಮೇಲಿನ ಬೆರಳಿನಾಕಾರದ ವಿಲ್ಲಸ್‌ಗಳ ತುದಿ. ಮೇಲೇರುವ ರಕ್ತನಾಳದ ಆಮ್ಲಜನಕ ಪಕ್ಕದಲ್ಲೇ ಇಳಿಯುವ ನಾಳಗಳಿಗೆ ದಾರಿಯಲ್ಲಿಯೇ ಸೇರಿಹೋಗುವುದರಿಂದ, ಆ ತುದಿಗೆ ಆರೋಗ್ಯದ ದಿನಗಳಲ್ಲೂ ದಕ್ಕುವುದು ಅಳಿದುಳಿದದ್ದೇ.

ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯಂಥವುಗಳಲ್ಲಿರುವ ಕ್ವೆರ್ಸೆಟಿನ್, ಮರದರಿಶಿನದ ಬರ್ಬರಿನ್ ಎಂಬ ಸಸ್ಯಜನ್ಯ ಸಂಯುಕ್ತಗಳು ಇಲ್ಲಿ ಮಾಡುವ ಕೆಲಸವನ್ನು ಪ್ರಯೋಗಾಲಯಗಳು ಹಲವು ಬಾರಿ ತೋರಿಸಿವೆ: ಉರಿಯೂತದ ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ತಣ್ಣಗಾಗುತ್ತದೆ, ಸಡಿಲಗೊಂಡ ಹೊಲಿಗೆ ಮತ್ತೆ ಬಿಗಿಯುತ್ತದೆ. ಅದನ್ನು ಅಳೆಯುವ ವಿಧಾನ ಸೊಗಸಾಗಿದೆ. ಹೊಳೆಯುವ ಬಣ್ಣ ಅಂಟಿಸಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿಯನ್ನು ಇಲಿಗೆ ಕುಡಿಸಿ, ಕೆಲವು ತಾಸುಗಳ ಬಳಿಕ ರಕ್ತ ತೆಗೆದು ನೋಡುತ್ತಾರೆ. ರಕ್ತದ್ರವ ಹೆಚ್ಚು ಹೊಳೆದಷ್ಟೂ ಗೋಡೆ ಹೆಚ್ಚು ಸೋರುತ್ತಿದೆ ಎಂದರ್ಥ.

ಕರ್ಕ್ಯುಮಿನ್ ರಕ್ತಕ್ಕೆ ಸರಿಯಾಗಿ ಹೀರಲ್ಪಡುವುದಿಲ್ಲವೆಂಬುದು ಅದರ ಮೇಲಿನ ಹಳೆಯ ದೂರು. ಆದರೆ ಮದ್ದು ಬೇಕಾಗಿರುವುದೇ ಕರುಳಿಗೆ ಎಂದಾದರೆ, ಅಲ್ಲಿಯೇ ಉಳಿದುಬಿಡುವುದು ದೋಷವಾಗಬೇಕಿಲ್ಲ. ತೊಡಕು ಬೇರೆಡೆ ಇದೆ: ಸೆಪ್ಸಿಸ್‌ನಲ್ಲಿ ಜಠರ ಮತ್ತು ಕರುಳಿನ ಚಲನೆಯೇ ಮಂದವಾಗುವುದರಿಂದ, ನಳಿಕೆಯ ಮೂಲಕ ಕೊಟ್ಟದ್ದು ತಲುಪಬೇಕಾದ ಜಾಗವನ್ನು ತಲುಪುತ್ತದೆಂಬ ಭರವಸೆಯಿಲ್ಲ. ಜೊತೆಗೆ ಬರ್ಬರಿನ್‌ನಂಥದ್ದು ಬೇರೆ ಔಷಧಗಳನ್ನು ದೇಹ ಒಡೆದು ಹೊರಹಾಕುವುದಕ್ಕೂ ಅಡ್ಡಬರುತ್ತದೆ. ಅಂಗಕಸಿಯಾದವರು ಸೇವಿಸುವ ಸೈಕ್ಲೋಸ್ಪೋರಿನ್‌ನ ಮಟ್ಟವನ್ನು ಅದು ರಕ್ತದಲ್ಲಿ ಏರಿಸುತ್ತದೆ.

ಇನ್ನು ಸಮಯದ ಮಾತು. ಇಂಥ ಎಷ್ಟೋ ಪ್ರಯೋಗಗಳಲ್ಲಿ ಇಲಿಗೆ ಸಂಯುಕ್ತವನ್ನು ದಿನಗಟ್ಟಲೆ ಮೊದಲೇ ಕೊಟ್ಟು, ಆಮೇಲೆ ಅದರ ದೊಡ್ಡಕರುಳಿನ ಆರಂಭದ ಚೀಲದಂಥ ಭಾಗವಾದ ಸೀಕಮ್ ಅನ್ನು ಕಟ್ಟಿ ಸೂಜಿಯಿಂದ ಚುಚ್ಚಿ ಸೋಂಕು ಬರಿಸುತ್ತಾರೆ. ಒಂದು ಜಾಗತಿಕ ಅಂದಾಜಿನಂತೆ 2017ರಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, ಅದಕ್ಕೆ ಸಂಬಂಧಿಸಿದ ಸಾವುಗಳು 1.1 ಕೋಟಿ. ಇವರಲ್ಲಿ ಹೆಚ್ಚಿನವರಿಗೆ ಇಲಿಗೆ ಸಿಕ್ಕಂಥ ಮುನ್ಸೂಚನೆ ಸಿಕ್ಕಿರಲಾರದು. ಹಾಗಾಗಿ ಈ ಸಂಯುಕ್ತಗಳನ್ನು ಮನುಷ್ಯರಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ತೀವ್ರ ನಿಗಾ ಘಟಕದಲ್ಲಲ್ಲ, ದಿನಾಂಕ ಗೊತ್ತುಮಾಡಿಕೊಂಡು ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರಲ್ಲಿ ಎಂದು ನನಗನ್ನಿಸುತ್ತದೆ. ಅಲ್ಲಾದರೆ ಮದ್ದು ಮೊದಲು, ಗಾಯ ಆಮೇಲೆ ಎಂಬ ಇಲಿಯ ಕ್ರಮವೇ ಮನುಷ್ಯನಿಗೂ ಒದಗುತ್ತದೆ.