ಮೆಟ್ಟುಗತ್ತಿಯ ಮುಂದೆ ತೂಕಡಿಕೆ

ಜನವರಿ 19, 2026, ಸೋಮವಾರ

ಇವತ್ತು ಮೆಟ್ಟುಗತ್ತಿಯ ಮುಂದೆ ಕೂತು ತೂಕಡಿಸಿದೆ. ಅಡಿಕೆ ಸುಲಿದವರಿಗೆ ಗೊತ್ತು, ಅದು ನಿದ್ದೆ ಮಾಡುವ ಜಾಗ ಅಲ್ಲವೇ ಅಲ್ಲ. ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವಾಗ ಕತ್ತಿಗೂ ಬೆರಳಿಗೂ ನಡುವೆ ಜಾಗವೇ ಇರುವುದಿಲ್ಲ. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದಕ್ಕೆ ಬಚಾವಾದೆ. ಟ್ಯೂಬ್ ಸೀಳಿತು, ಬೆರಳು ಉಳಿಯಿತು. ಪಕ್ಕದಲ್ಲಿ ಸುಲಿಯುತ್ತಿದ್ದವಳು "ಅಮ್ಮಾ, ನೀವು ಒಳಗೆ ಹೋಗಿ ಮಲಗಿ" ಅಂದಳು. ಕಾಳಜಿಯಿಂದಲೇ ಹೇಳಿದ್ದು. ನನಗೆ ಮಾತ್ರ ಅಳು ಬಂತು. ಬೆಳಿಗ್ಗೆ ಹತ್ತೂವರೆ ಗಂಟೆ, ಅಡಿಕೆ ಗೊನೆ ಕೊಯ್ಯುವ ಕಾಲ, ಅಂಗಳದ ತುಂಬ ಅಡಿಕೆ. ಮನೆಯ ಸೊಸೆ ಮಲಗಬೇಕಂತೆ.

ನವೆಂಬರಿನಿಂದ ಬೆಳಿಗ್ಗೆ ಖಿನ್ನತೆಯ ಮಾತ್ರೆ ಎಸಿಟಲೋಪ್ರಾಂ 10 ಮಿಲಿಗ್ರಾಂ ತಗೊಳ್ಳುತ್ತಿದ್ದೇನೆ. ಮನಸ್ಸಿನ ಭಾರ ಸ್ವಲ್ಪ ಇಳಿಯಿತು. ಆದರೆ ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಅದಕ್ಕೇ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಡಾಕ್ಟರು ರಾತ್ರಿಗೆ ಮಿರ್ಟಜಪೈನ್ 15 ಮಿಲಿಗ್ರಾಂ ಸೇರಿಸಿದರು. ಹಸಿವು ಬಂತು, ತೊಡದೇವಿನ ಡಬ್ಬಿ ಖಾಲಿಯಾಯಿತು. ನಿದ್ದೆಯೂ ಬಂತು. ಬಂದ ನೆಂಟ ಹೊರಡುವ ಮಾತೇ ಆಡಲಿಲ್ಲ, ಅಷ್ಟೇ.

ಬೆಳಿಗ್ಗೆ ಎದ್ದರೆ ತಲೆಯೊಳಗೆ ಮಳೆಗಾಲದ ಮಂಜು. ಹಾಲು ಒಲೆಯ ಮೇಲಿಟ್ಟು ಎದುರಿಗೇ ನಿಂತಿರುತ್ತೇನೆ, ಉಕ್ಕಿ ಹರಿದ ಮೇಲೆ ಕಾಣುತ್ತದೆ. ಮಗಳು "ಆಯೀ, ಆಗಲೇ ಹೇಳಿದ್ದೆ" ಅಂದಾಗ ಯಾವಾಗ ಹೇಳಿದಳು ಅಂತ ಹುಡುಕಬೇಕು. ಅತ್ತೆ ದಿನಾ ಕೇಳುತ್ತಾರೆ, "ತಂಗೀ, ರಾತ್ರೆ ನಿದ್ದೆ ಆಜಿಲ್ಯನೇ?" ಹತ್ತು ಗಂಟೆ ಮಲಗಿದವಳು ಏನು ಉತ್ತರ ಕೊಡಲಿ?

ತಿಂಗಳ ಹಿಂದೆ ನಾನೇ ಒಂದು ಬುದ್ಧಿವಂತಿಕೆ ಮಾಡಿದ್ದೆ. ಹಗಲು ತಗೊಳ್ಳುವ ಮಾತ್ರೆಯೇ ಹಗಲು ನಿದ್ದೆ ಬರಿಸುತ್ತಿದೆ ಅಂದುಕೊಂಡು ನಾಲ್ಕು ದಿನ ಎಸಿಟಲೋಪ್ರಾಂ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಮೂರನೇ ದಿನ ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ. ಸುಮ್ನೆ ಎಲ್ಲರ ಮೇಲೂ ಸಿಟ್ಟು. ತೂಕಡಿಕೆ ಮಾತ್ರ ಇದ್ದ ಹಾಗೇ ಇತ್ತು. ಮತ್ತೆ ಶುರು ಮಾಡಿದೆ.

ಇವತ್ತು ಬೆರಳು ಉಳಿದ ಹೆದರಿಕೆಗೆ ಡಾಕ್ಟರಿಗೆ ಫೋನ್ ಮಾಡಿದೆ. ಮಾತ್ರೆ ಬಿಟ್ಟಿದ್ದನ್ನೂ ಹೇಳಿದೆ. ಬೈಯಲಿಲ್ಲ, "ಇನ್ನು ಮೇಲೆ ಮೊದಲು ಫೋನು, ಆಮೇಲೆ ಪ್ರಯೋಗ" ಅಂದರು. ಆಮೇಲೆ ಬೇರೆ ಏನಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ ಅಂತ ಕೇಳಿದರು. ಇಲ್ಲ ಅಂದೆ. ಶೀತಕ್ಕೆ, ಅಲರ್ಜಿಗೆ? ಹೌದು, ಅಡಿಕೆ ಧೂಳಿಗೆ ಮೂಗು ಸೋರುತ್ತದೆ ಅಂತ ಹದಿನೈದು ದಿನದಿಂದ ರಾತ್ರಿ ಒಂದು ಸೆಟ್ರಿಜಿನ್. ಅದೂ ಲೆಕ್ಕಕ್ಕೆ ಬರುತ್ತದಾ? ಶೀತದ ಮಾತ್ರೆ ಅಲ್ವಾ ಅದು!

ಬರುತ್ತದಂತೆ. ನಮ್ಮನ್ನು ಎಚ್ಚರ ಇಡಲು ಮಿದುಳಿನಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಕೆಲಸ ಮಾಡುತ್ತದೆ. ಮಿರ್ಟಜಪೈನ್ ಅದಕ್ಕೇ ಅಡ್ಡ ನಿಲ್ಲುತ್ತದೆ. ಸೆಟ್ರಿಜಿನ್ ಕೆಲಸವೂ ಹಿಸ್ಟಮಿನ್ ತಡೆಯುವುದೇ, ಕೆಲವರಿಗೆ ಅದೊಂದೇ ಸಾಕು ತೂಕಡಿಸಲು. ನಾನು ಎರಡನ್ನೂ ಒಟ್ಟಿಗೆ ನುಂಗುತ್ತಿದ್ದೆ. ಮೇಲಾಗಿ ಮಿರ್ಟಜಪೈನ್ ಅರ್ಧದಷ್ಟು ಮೈಯಿಂದ ಹೋಗಲು 20ರಿಂದ 40 ಗಂಟೆ ಬೇಕು. ಹೆಂಗಸರಲ್ಲಿ ಸರಾಸರಿ 37, ಗಂಡಸರಲ್ಲಿ 26. (ಇದರಲ್ಲೂ ನಮಗೇ ಜಾಸ್ತಿ ನೋಡಿ.) ನಿನ್ನೆಯದು ಇಳಿಯುವ ಮೊದಲೇ ಇವತ್ತಿನದು ಏರುತ್ತದೆ.

ಸೆಟ್ರಿಜಿನ್ ನಿಲ್ಲಿಸಿ, ಹಬೆ ತಗೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರಿ ಅಂದರು. ರಾತ್ರಿ ಹತ್ತೂವರೆಗೆ ನುಂಗುತ್ತಿದ್ದ ಮಿರ್ಟಜಪೈನ್ ಇನ್ನು ಎಂಟೂವರೆಗೆ. ತಲೆ ತಿಳಿಯಾಗುವವರೆಗೆ ಸ್ಕೂಟಿಯೂ ಬೇಡ, ಕತ್ತಿಯೂ ಬೇಡ. ಇಷ್ಟಕ್ಕೂ ಕಡಿಮೆ ಆಗದಿದ್ದರೆ ಮುಂದಿನ ತಿಂಗಳು ಡೋಸು ಬದಲಿಸಿ ನೋಡೋಣ. ಅಲ್ಲೊಂದು ವಿಚಿತ್ರ ಹೇಳಿದರು: ಈ ಮಾತ್ರೆ 15ರಿಂದ 30ಕ್ಕೆ ಏರಿಸಿದರೆ ಕೆಲವರಿಗೆ ತೂಕಡಿಕೆ ಕಡಿಮೆ ಆಗುವುದೂ ಉಂಟಂತೆ. ಸದ್ಯಕ್ಕೆ ಆ ಧೈರ್ಯ ನನಗಿಲ್ಲ.

ಮಗಳನ್ನು ಶಾಲೆಗೆ ಬಿಡುವ ಕೆಲಸ ಇವರಿಗೆ ಬಂತು. ಗೊಣಗಿದರು, ಒಪ್ಪಿದರು.

ಜನವರಿ 25, ಭಾನುವಾರ

ಮೊದಲ ಮೂರು ದಿನ ಏನೂ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಬೇಗ ತಗೊಂಡಿದ್ದಕ್ಕೆ ಒಂಬತ್ತೂವರೆಗೇ ಕಣ್ಣು ಎಳೆಯುತ್ತಿತ್ತು, ಊಟಕ್ಕೆ ಬಡಿಸುವ ಕೆಲಸ ಅತ್ತೆ ಮಾಡಿಕೊಂಡರು. ನಿನ್ನೆ ಬೆಳಿಗ್ಗೆ ಆರೂಮುಕ್ಕಾಲಿಗೆ ನಾನಾಗೇ ಎದ್ದೆ. ಇವತ್ತು ಹಾಲು ಉಕ್ಕಲಿಲ್ಲ. ಮಂಜು ಪೂರ್ತಿ ಹೋಗಿಲ್ಲ, ಹತ್ತು ಗಂಟೆವರೆಗೆ ಇರುತ್ತದೆ. ಮೊದಲು ಮಧ್ಯಾಹ್ನ ದಾಟುತ್ತಿತ್ತು. ಕತ್ತಿಯ ಕಡೆ ಇನ್ನೂ ಹೋಗಿಲ್ಲ, ಸುಲಿದದ್ದನ್ನು ಆರಿಸುತ್ತಾ ಕೂರುತ್ತೇನೆ.

ಅತ್ತೆಯ ಪ್ರಕಾರ ನನ್ನ ತೂಕಡಿಕೆಗೆಲ್ಲ ಕಾರಣ ಅಪ್ಪೆಹುಳಿ, ಕುಡಿದರೆ ನಿದ್ದೆ ಬರುತ್ತದೆ ಅನ್ನುವ ಮಾವಿನ ಮಿಡಿಯ ತೆಳು ಸಾರು. ವಾರದಿಂದ ನನಗೆ ಅದನ್ನು ಬಡಿಸಿಲ್ಲ. ಇವತ್ತು ಉಪ್ಪುನೀರಿನ ಮಿಡಿ ತೆಗೆದು ಒಗ್ಗರಣೆ ಹಾಕಿ ಮಾಡಿದ್ದರು, ಉಳಿದವರು ಎರಡೆರಡು ಲೋಟ ಕುಡಿದರು. ನನಗೆ ಮಜ್ಜಿಗೆ.

ಈಗ ಮೂರು ಗಂಟೆ. ಜಗಲಿಯಲ್ಲಿ ಇವರು, ಒಳಗೆ ಅತ್ತೆ, ಕಂಬಳಿಯ ಮೇಲೆ ಮಗಳು, ಎಲ್ಲರೂ ಗೊರಕೆ. ಆಸ್ರಿಗೆ ಕಷಾಯ ಮಾಡಿ ನಾನೇ ಎಬ್ಬಿಸಬೇಕು.