4.4 ಸ್ಟಾರ್ ಇದೆ, ತಗೊಳ್ಳಲಾ?

ಮಿಕ್ಸಿ, ಗೀಸರ್, ವಾಟರ್ ಫಿಲ್ಟರ್, ತಲೆಗೆ ಹಚ್ಚೋ ಎಣ್ಣೆ, ವಸ್ತು ಯಾವುದೇ ಇರಲಿ, ನನಗೆ ಬರುವ ಮೆಸೇಜು ಮಾತ್ರ ಒಂದೇ ಥರ. ಮೊದಲು ಒಂದು ಲಿಂಕ್. ಅದರ ಕೆಳಗೆ, "4.4 ಸ್ಟಾರ್ ಇದೆ, ಸಾವಿರಾರು ಜನ ರೇಟಿಂಗ್ ಕೊಟ್ಟಿದ್ದಾರೆ, ತಗೊಳ್ಳಲಾ?" ಅತ್ತೆ ಕೇಳುತ್ತಾರೆ, ಚಿಕ್ಕಪ್ಪ ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತೆ: "ಈ ರಿವ್ಯೂ ಎಲ್ಲ ಫೇಕ್ ಅಂತಾರಲ್ಲ, ನಂಬಬಹುದಾ?"

ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೆ ಒಟ್ಟಿಗೆ ಬರೆದುಬಿಡುತ್ತೇನೆ. ಸ್ಟಾರ್ ನಂಬಬೇಡಿ. ರಿವ್ಯೂ ಓದಿ, ಆದರೆ ಬರೆದವರಿಗೆ ಆ ವಿಷಯ ಗೊತ್ತಿರೋದಕ್ಕೆ ಸಾಧ್ಯವಾ ಅಂತ ಮೊದಲು ಕೇಳಿಕೊಳ್ಳಿ. ಸಾಧ್ಯವಿದ್ದಷ್ಟು ಮಾತ್ರ ನಂಬಿ. ಅದು ಫೇಕಾ, ಅಸಲಿಯಾ ಅನ್ನೋದು ಆಮೇಲಿನ ಪ್ರಶ್ನೆ.

ಇದನ್ನು ಹೇಳಿದರೆ ಕೆಲವರು ಒಪ್ಪಲ್ಲ. "ಫೇಕ್ ಆದರೆ ಓದಿದ ಕೂಡಲೇ ನನಗೆ ಗೊತ್ತಾಗುತ್ತೆ ಬಿಡಿ" ಅಂತಾರೆ. ಗೊತ್ತಾಗಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2011ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಶಿಕಾಗೋದ 20 ಹೋಟೆಲುಗಳ ಬಗ್ಗೆ 400 ನಿಜವಾದ ರಿವ್ಯೂ ಆರಿಸಿಕೊಂಡರು. ಅದೇ ಹೋಟೆಲುಗಳ ಬಗ್ಗೆ, ಅಲ್ಲಿಗೆ ಕಾಲೂ ಇಡದವರಿಂದ ದುಡ್ಡು ಕೊಟ್ಟು ಇನ್ನೊಂದು 400 ಬರೆಸಿದರು. ಇವುಗಳಲ್ಲಿ ಒಂದಷ್ಟನ್ನು ಕಲಸಿ ಓದಲು ಕೊಟ್ಟರೆ, ಓದಿದವರ ತೀರ್ಪು ಕಣ್ಣು ಮುಚ್ಚಿ ಊಹೆ ಮಾಡಿದ್ದಕ್ಕಿಂತ ಹೆಚ್ಚೇನೂ ಸರಿ ಇರಲಿಲ್ಲ. ಕಂಪ್ಯೂಟರ್ ಪ್ರೋಗ್ರಾಂ ಮಾತ್ರ ನೂರಕ್ಕೆ ಸುಮಾರು 90 ಸಲ ಸರಿಯಾಗಿ ಹಿಡಿಯಿತು.

ಅದರಲ್ಲಿ ನಮಗೆ ಉಪಯೋಗಕ್ಕೆ ಬರುವ ಒಂದು ಸಂಗತಿ ಇದೆ. ನಿಜವಾಗಿ ಉಳಿದುಕೊಂಡು ಬಂದವರು ಜಾಗದ ಬಗ್ಗೆ ಬರೆದಿದ್ದರು: ಬಾತ್‌ರೂಮು, ಎಷ್ಟನೇ ಮಹಡಿ, ರೂಮು ಚಿಕ್ಕದು, ಬಾಡಿಗೆ ಎಷ್ಟು. ಹೋಗದೇ ಬರೆದವರು ಗಂಡನ ಜೊತೆ ಬಂದಿದ್ದೆ, ರಜೆಗೆ ಬಂದಿದ್ದೆ, ಒಳ್ಳೇ ಅನುಭವ ಅಂತ ತಮ್ಮ ಕತೆಯನ್ನೇ ಜಾಸ್ತಿ ಹೇಳಿದ್ದರು. ಸಹಜ ತಾನೇ? ನೋಡದ ಬಾತ್‌ರೂಮಿನ ಬಗ್ಗೆ ಏನಂತ ಬರೆಯೋದು? ಆದರೆ ಇದು ಹಳೇ ಕಾಲದ ಮಾತು. ಈಗ ಎಐಗೆ ಹೇಳಿದರೆ ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು ಅಂತ ಕೂಡ ಸೇರಿಸಿ ಕೊಡುತ್ತೆ, ಅದೂ ಒಳ್ಳೇ ಕನ್ನಡದಲ್ಲಿ. ಹಾಗಾಗಿ ಭಾಷೆ ನೋಡಿ ಕಂಡುಹಿಡಿಯುವ ಆಟ ಬಿಟ್ಟುಬಿಡಿ.

"ವೆರಿಫೈಡ್ ಪರ್ಚೇಸ್ ಅಂತ ಇದ್ದರೆ?" ಇದನ್ನೂ ಕೇಳುತ್ತಾರೆ. ಆ ಗುರುತಿಗೆ ಅರ್ಥ ಇಷ್ಟೇ: ಈ ಖಾತೆಯಿಂದ ಆ ವಸ್ತು ಖರೀದಿಯಾಗಿದೆ. ಯಾರ ದುಡ್ಡಲ್ಲಿ ಅನ್ನೋದನ್ನು ಅದು ಹೇಳಲ್ಲ. ಟೆಲಿಗ್ರಾಂ, ವಾಟ್ಸಾಪ್‌ನಲ್ಲಿ ರೀಫಂಡ್ ಗ್ರೂಪ್‌ಗಳಿವೆ. ಅಲ್ಲಿ ಏಜೆಂಟ್ ಒಂದು ಫೋಟೋ ಹಾಕುತ್ತಾನೆ. ಲಿಂಕ್ ಕೊಡಲ್ಲ, ಇಂಥಾ ಪದ ಹಾಕಿ ಹುಡುಕಿ ಅಂತಾನೆ. ಹುಡುಕಿ ಕೊಂಡರೆ ಆ ಪದಕ್ಕೆ ಆ ವಸ್ತು ಮೇಲೆ ಬರುತ್ತಲ್ಲ, ಅದಕ್ಕೆ. ನೀವು ನಿಮ್ಮ ದುಡ್ಡಲ್ಲೇ ಆರ್ಡರ್ ಮಾಡಬೇಕು, ಡೆಲಿವರಿ ಆಗಿ ಕೆಲವು ದಿನ ಬಿಟ್ಟು ಫೋಟೋ ಸಮೇತ ಐದು ಸ್ಟಾರ್ ಹಾಕಬೇಕು, ಅದು ಪ್ರಕಟವಾದ ಮೇಲೆ ಸ್ಕ್ರೀನ್‌ಶಾಟ್ ಕಳಿಸಬೇಕು, ಆಗ ದುಡ್ಡು ಯುಪಿಐನಲ್ಲಿ ವಾಪಸ್ ಬರುತ್ತೆ. ವಸ್ತು ಫ್ರೀ. ಆರ್ಡರ್ ನಿಜ, ವಿಳಾಸ ನಿಜ, ಫೋಟೋದಲ್ಲಿರೋ ಅಡುಗೆಮನೆ ಕಟ್ಟೆನೂ ನಿಜ. ಅಭಿಪ್ರಾಯ ಒಂದು ಮಾತ್ರ ಸೆಲ್ಲರ್‌ದು.

ಇದರ ಚಿಕ್ಕ ರೂಪ ನಿಮ್ಮ ಮನೆಗೂ ಬಂದಿರುತ್ತೆ. ಡಬ್ಬಿ ತೆರೆದರೆ ಒಂದು ಬಣ್ಣದ ಚೀಟಿ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಇಷ್ಟು ಕ್ಯಾಶ್‌ಬ್ಯಾಕ್. ಹಾಗೆ ಕೊಟ್ಟವರೆಲ್ಲ ಸುಳ್ಳುಗಾರರೇನಲ್ಲ. ಚೆನ್ನಾಗಿಯೇ ಇದೆ, ನೂರು ರೂಪಾಯಿ ಯಾಕೆ ಬಿಡಬೇಕು ಅಂದುಕೊಳ್ಳುತ್ತಾರೆ, ಅಷ್ಟೇ. ಆದರೆ ಮೂರು ಸ್ಟಾರ್ ಕೊಡಬೇಕು ಅಂದುಕೊಂಡಿದ್ದವರೂ ಐದಕ್ಕೆ ಹೋಗುತ್ತಾರೆ ಅನ್ನೋದು ಸೆಲ್ಲರಿಗೆ ಚೆನ್ನಾಗಿ ಗೊತ್ತು.

ದೊಡ್ಡ ಕಂಪನಿಗಳೂ ಇದರಲ್ಲಿ ಕಮ್ಮಿ ಇಲ್ಲ. ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ದಾಖಲೆಗಳಲ್ಲೇ ಬೇಕಾದಷ್ಟು ಸಿಗುತ್ತೆ. ಸಂಡೇ ರೈಲಿ ಅನ್ನುವ ಸೌಂದರ್ಯ ಸಾಧನಗಳ ಕಂಪನಿಯ ನೌಕರರೇ ಬೇರೆ ಹೆಸರಲ್ಲಿ ಕೂತು ರಿವ್ಯೂ ಬರೆದರು. ಫ್ಯಾಷನ್ ನೋವಾ ಅನ್ನುವ ಬಟ್ಟೆ ಕಂಪನಿ ನಾಲ್ಕು ಸ್ಟಾರ್‌ಗಿಂತ ಕೆಳಗಿನ ರಿವ್ಯೂಗಳನ್ನು ತನ್ನ ಸೈಟಿನಲ್ಲಿ ಕಾಣಿಸಲೇ ಇಲ್ಲ ಅನ್ನುವ ಆರೋಪಕ್ಕೆ 2022ರಲ್ಲಿ 42 ಲಕ್ಷ ಡಾಲರ್ ಕೊಡಲು ಒಪ್ಪಿತು. ಅಲ್ಲಿದ್ದ ರಿವ್ಯೂ ಒಂದೂ ಸುಳ್ಳಾಗಿರಬೇಕಿಲ್ಲ ನೋಡಿ. ಬೈದವರನ್ನು ಒಳಗೇ ಬಿಡಲಿಲ್ಲ, ಅಷ್ಟೇ.

ಇಷ್ಟು ಫೇಕ್ ಪುರಾಣ. ನನಗೆ ಇದಕ್ಕಿಂತ ಜಾಸ್ತಿ ತಲೆನೋವು ಪ್ರಾಮಾಣಿಕ ರಿವ್ಯೂಗಳದ್ದೇ.

ಮಲೆನಾಡಿನವರಿಗೆ ಉಪ್ಪಾಗೆ ಹಣ್ಣು ಗೊತ್ತಿರುತ್ತೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕಾಡಿಂದ ಹಣ್ಣು ಆರಿಸಿ ತಂದು, ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ವಿಜ್ಞಾನಿಗಳು ಇದನ್ನು ಗಾರ್ಸೀನಿಯಾ ಕ್ಯಾಂಬೋಜಿಯಾ ಅಂತ ಕರೆಯುತ್ತಿದ್ದರು, ಮಾತ್ರೆ ಮಾರುವವರು ಇವತ್ತಿಗೂ ಹಾಗೇ ಕರೆಯುತ್ತಾರೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತೆ ಅಂತ ಜಗತ್ತಿನಾದ್ಯಂತ ಇದರ ಮಾತ್ರೆ ಮಾರಾಟವಾಗುತ್ತೆ. ಅಮೆರಿಕದಲ್ಲಿ ಕ್ಯೂರ್ ಎನ್‌ಕ್ಯಾಪ್ಸುಲೇಷನ್ಸ್ ಅನ್ನುವ ಕಂಪನಿ ಈ ಮಾತ್ರೆಯನ್ನು ಅಮೆಜಾನ್‌ನಲ್ಲಿ ಮಾರುತ್ತಿತ್ತು. ರಿವ್ಯೂ ಬರೆಯೋಕೆ ಅಂತಲೇ ಇದ್ದ ಒಂದು ವೆಬ್‌ಸೈಟಿಗೆ ದುಡ್ಡು ಕೊಟ್ಟು ಐದು ಸ್ಟಾರ್ ಹಾಕಿಸಿತು. ಮಾರಾಟ ಆಗಬೇಕಾದರೆ ಸರಾಸರಿ 4.3 ಇರಲೇಬೇಕು ಅನ್ನುವುದು ಅವರ ಲೆಕ್ಕವಾಗಿತ್ತು. 2019ರ ಫೆಬ್ರವರಿಯಲ್ಲಿ ಟ್ರೇಡ್ ಕಮಿಷನ್ ಕೇಸು ಹಾಕಿ ರಾಜಿ ಮಾಡಿಕೊಂಡಿತು. ಬೇರೆಯವರ ಅಂಗಡಿ ಸೈಟಿನಲ್ಲಿ ದುಡ್ಡು ಕೊಟ್ಟು ಫೇಕ್ ರಿವ್ಯೂ ಹಾಕಿಸಿದ್ದಕ್ಕೆ ಅವರು ಹಾಕಿದ ಮೊದಲ ಕೇಸು ಅದು. ತೀರ್ಪಿನ ಮೊತ್ತ 1.28 ಕೋಟಿ ಡಾಲರ್. ಅದರಲ್ಲಿ ಕಮಿಷನ್‌ಗೆ ಕಟ್ಟಬೇಕಾಗಿದ್ದು 50 ಸಾವಿರ ಡಾಲರ್ ಮಾತ್ರ, ಹಿಂದಿನ ತೆರಿಗೆ ಬಾಕಿ ತೀರಿಸಬೇಕಿತ್ತು, ಉಳಿದ ಮೊತ್ತದ ವಸೂಲಿಯನ್ನು ತಡೆಹಿಡಿದರು.

ಈಗ ಒಂದು ನಿಮಿಷ ಹೀಗೆ ಯೋಚನೆ ಮಾಡಿ. ಆ ರಿವ್ಯೂಗಳೆಲ್ಲ ನಿಜವೇ ಆಗಿದ್ದಿದ್ದರೆ? ಮಾತ್ರೆ ನುಂಗಿದವರೇ, ತೂಕ ಇಳಿದವರೇ ಬರೆದಿದ್ದರೆ? ಆಗ ನಂಬಬಹುದಿತ್ತಾ?

ಆಗಲೂ ಆಗುತ್ತಿರಲಿಲ್ಲ. ಇದೇ ಉಪ್ಪಾಗೆ ಸಾರದ ಪರೀಕ್ಷೆಯೊಂದರ ಫಲಿತಾಂಶ 1998ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. ತೂಕ ಜಾಸ್ತಿ ಇದ್ದ 135 ಜನ, 12 ವಾರ. ಒಂದು ಗುಂಪಿಗೆ ಸಾರದ ಮಾತ್ರೆ, ಇನ್ನೊಂದಕ್ಕೆ ಏನೂ ಇಲ್ಲದ ಡಮ್ಮಿ ಮಾತ್ರೆ, ಇಬ್ಬರಿಗೂ ಒಂದೇ ರೀತಿಯ ಪಥ್ಯ. ಯಾರಿಗೆ ಯಾವುದು ಅಂತ ನುಂಗುವವರಿಗೆ ಗೊತ್ತಿಲ್ಲ. ಕೊನೆಗೆ ನೋಡಿದರೆ ಸಾರ ನುಂಗಿದವರು ಸರಾಸರಿ 3.2 ಕಿಲೋ ಇಳಿದಿದ್ದರು, ಡಮ್ಮಿ ನುಂಗಿದವರು 4.1 ಕಿಲೋ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಇರಲಿಲ್ಲ. ಇಳಿದದ್ದು ಪಥ್ಯದಿಂದ. ಆದರೆ ಡಮ್ಮಿ ನುಂಗಿ ನಾಲ್ಕು ಕಿಲೋ ಇಳಿದವರನ್ನು ರಿವ್ಯೂ ಬರೀರಿ ಅಂತ ಕೂರಿಸಿ ನೋಡಿ. ಮನಸ್ಸು ತುಂಬಿ ಐದು ಸ್ಟಾರ್ ಕೊಡುತ್ತಾರೆ. ಅವರದು ಸುಳ್ಳಲ್ಲ. ಮಾತ್ರೆಯಿಂದ ಇಳಿಯಿತೋ, ಅನ್ನ ಕಮ್ಮಿ ಮಾಡಿದ್ದರಿಂದ ಇಳಿಯಿತೋ ಅಂತ ಒಬ್ಬ ಮನುಷ್ಯ ತನ್ನ ಮೈಮೇಲೆ ತಾನೇ ನೋಡಿ ಹೇಳೋಕಾಗಲ್ಲ.

ಅದಕ್ಕೇ ಕೂದಲು ಬೆಳೆಸುವ ಎಣ್ಣೆ, ಎತ್ತರ ಆಗುವ ಪುಡಿ, ರೋಗನಿರೋಧಕ ಶಕ್ತಿಯ ಸಿರಪ್ಪು, ಇವುಗಳ ರಿವ್ಯೂ ನಾನು ತೆರೆದೂ ನೋಡಲ್ಲ. ಕರೆಂಟ್ ಬಿಲ್ ಕಮ್ಮಿ ಮಾಡುತ್ತೇನೆ ಅನ್ನುವ ಪ್ಲಗ್ ಕೂಡ ಇದೇ ಜಾತಿ. ಸಾಮಾನ್ಯವಾಗಿ ಅದರೊಳಗೆ ಇರೋದು ಒಂದು ಕೆಪಾಸಿಟರ್, ಒಂದು ಪುಟ್ಟ ಲೈಟು. ಮನೆ ಮೀಟರು ಲೆಕ್ಕ ಹಾಕೋದು ಉರಿಸಿದ ಯೂನಿಟ್ಟನ್ನು, ಕೆಪಾಸಿಟರ್ ಹಾಕಿದರೆ ಆ ಯೂನಿಟ್ ಇಳಿಯಲ್ಲ. ಆದರೂ "ಬಿಲ್ ನಿಜವಾಗ್ಲೂ ಕಮ್ಮಿ ಬಂತು" ಅಂತ ಬರೆದವರು ಇರುತ್ತಾರೆ. ಮೇ ತಿಂಗಳಲ್ಲಿ ಕೊಂಡಿದ್ದರೆ ಜುಲೈ ಬಿಲ್ ಕಮ್ಮಿ ಬಂದೇ ಬರುತ್ತೆ, ಮಳೆ ಹಿಡಿದ ಮೇಲೆ ಫ್ಯಾನ್ ಹಾಕೋದು ಕಮ್ಮಿ ಆಗುತ್ತಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರೂ ಅದನ್ನು ಕೊಂಡಿದ್ದರೆ ಅವರಿಗೊಂದು ದೊಡ್ಡ ನಮಸ್ಕಾರ.

ಹಾಗಾದರೆ ಯಾವುದಕ್ಕೆ ನಂಬೋದು? ಕಣ್ಣಿಗೆ ಕಾಣುವಂಥದ್ದಕ್ಕೆ, ಕೈಗೆ ಸಿಗುವಂಥದ್ದಕ್ಕೆ. ಬೆಡ್‌ಶೀಟಿನ ಬಣ್ಣ ಫೋಟೋದಲ್ಲಿ ಇದ್ದ ಹಾಗೇ ಇದೆಯಾ, ನೈಟಿ ಸೈಜು ಸರಿ ಬಂತಾ, ಸ್ಟೀಲ್ ಡಬ್ಬಿ ತಗಡು ತೆಳುವಾ, ಚಪ್ಪಲಿ ಒಂದು ನಂಬರ್ ದೊಡ್ಡದು ತಗೋಬೇಕಾ. ಇವನ್ನು ಕೊಂಡ ದಿನವೇ ಯಾರು ಬೇಕಾದರೂ ಹೇಳಬಹುದು, ನಾಲ್ಕು ಜನ ಒಂದೇ ಮಾತು ಹೇಳಿದರೆ ನಾನು ನಂಬುತ್ತೇನೆ.

ಮಿಕ್ಸಿ, ಗೀಸರ್ ಥರದ್ದು ಇವೆರಡರ ಮಧ್ಯೆ. ಸಾಮಾನು ಬಂದು ಎರಡು ಮೂರು ದಿನಕ್ಕೇ ಆ್ಯಪ್ ರೇಟಿಂಗ್ ಕೇಳುತ್ತೆ. ಆಗ ಏನು ಗೊತ್ತಾಗಿರುತ್ತೆ? ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು, ಒಂದು ಸಲ ಚಟ್ನಿ ರುಬ್ಬಿದೆವು. ಐದು ಸ್ಟಾರ್. ಮೋಟಾರ್ ಸುಡೋದು, ಜಾರ್ ತಳದಲ್ಲಿ ಸೋರೋದು ಎಲ್ಲ ಆಮೇಲೆ. ಗೀಸರ್ ಆದರೆ ಇನ್ನೊಂದು ತೊಂದರೆ. ಮೆದು ನೀರಿನ ಊರಲ್ಲಿ ಕೂತವರ ರಿವ್ಯೂ ಅಪ್ಪಟ ಪ್ರಾಮಾಣಿಕವೇ ಇರಬಹುದು, ಬೋರ್‌ವೆಲ್ಲಿನ ಗಡಸು ನೀರು ಬರುವ ಕೋಲಾರದ ಮನೆಗೆ ಅದರಿಂದ ಏನೂ ತಿಳಿಯಲ್ಲ.

ಹಾಗಾಗಿ ಇಂಥವಕ್ಕೆ ನಾನು ಮೊದಲು ಮಾಡೋದು ಹೊಸ ರಿವ್ಯೂ ಮೇಲೆ ಬರುವ ಹಾಗೆ ಜೋಡಿಸೋದು. ಇದಕ್ಕೆ ಕಾರಣ ಇದೆ. ಫೇಸ್‌ಬುಕ್ ಗ್ರೂಪ್‌ಗಳಲ್ಲಿ ರಿವ್ಯೂ ಕೊಳ್ಳುತ್ತಿದ್ದ ಸುಮಾರು 1,500 ಅಮೆಜಾನ್ ವಸ್ತುಗಳನ್ನು ಗುರುತಿಸಿ ಬೆನ್ನು ಹತ್ತಿದ ಸಂಶೋಧಕರ ವರದಿಯೊಂದು 2022ರಲ್ಲಿ ಬಂತು. ಕೊಳ್ಳುವಾಗ ರೇಟಿಂಗೂ ಏರಿತ್ತು, ಮಾರಾಟವೂ ಏರಿತ್ತು. ಕೊಳ್ಳೋದು ನಿಲ್ಲಿಸಿದ ಮೇಲೆ ರೇಟಿಂಗ್ ಇಳಿಯಿತು, ಒಂದು ಸ್ಟಾರ್ ರಿವ್ಯೂಗಳು ಜಾಸ್ತಿಯಾದವು. ಒಟ್ಟು ಸರಾಸರಿಯಲ್ಲಿ ಮುಚ್ಚಿಹೋಗುವ ಈ ಬದಲಾವಣೆ ಹೊಸ ರಿವ್ಯೂಗಳಲ್ಲಿ ಕಾಣುತ್ತೆ. ಆಮೇಲೆ ಎರಡು, ಮೂರು ಸ್ಟಾರ್‌ನವು ಓದುತ್ತೇನೆ. ದುಡ್ಡು ಕೊಟ್ಟು ಮೂರು ಸ್ಟಾರ್ ಬರೆಸೋರು ಕಮ್ಮಿ, ಕೊರಿಯರ್ ಹುಡುಗನ ಮೇಲಿನ ಸಿಟ್ಟನ್ನು ಮಿಕ್ಸಿ ಮೇಲೆ ತೀರಿಸಿಕೊಳ್ಳುವವರು ಒಂದು ಸ್ಟಾರ್‌ನಲ್ಲಿ ಇರುತ್ತಾರೆ. "ಆರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ" ಅಂತ ಯಾರಾದರೂ ತಿದ್ದಿ ಬರೆದಿದ್ದರೆ ಅದೊಂದಕ್ಕೆ ಉಳಿದ ಐವತ್ತಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಹಳೇ ರಿವ್ಯೂಗಳನ್ನೂ ಒಂದು ಸಲ ಕಣ್ಣಾಡಿಸಿ. ಟ್ರಿಮ್ಮರ್ ಪುಟದಲ್ಲಿ ಮೊಬೈಲ್ ಕವರ್ ಚೆನ್ನಾಗಿದೆ ಅಂತ ಇದ್ದರೆ ಹಳೇ ವಸ್ತುವಿನ ರೇಟಿಂಗನ್ನು ಹೊಸದಕ್ಕೆ ಅಂಟಿಸಿದ್ದಾರೆ ಅಂತ ಅರ್ಥ. ಇನ್ನು ಮಿಕ್ಸಿಗೆ ನಿಮ್ಮ ಊರಿನ ರಿಪೇರಿ ಅಂಗಡಿಯವರನ್ನು ಕೇಳಿ, ಯಾವುದರ ಪಾರ್ಟ್ಸ್ ಸಿಗುತ್ತೆ ಅಂತ. ಅವರು ನೋಡೋದು ಕೆಟ್ಟವನ್ನೇ ಆದರೂ, ಎರಡು ವರ್ಷ ಆದಮೇಲಿನ ಕತೆ ಗೊತ್ತಿರೋದು ಅವರಿಗೇ.

ಕಾನೂನು ಇಲ್ವಾ ಅಂತ ಕೇಳುವವರಿಗೆ: ಇದೆ. ಸೆಲ್ಲರ್ ಗ್ರಾಹಕನ ವೇಷ ಹಾಕಿ ರಿವ್ಯೂ ಬರೆಯುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗೆ ಅಂತಲೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಪಾಲಿಸೋದು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದು, 2024ರಲ್ಲಿ ಕಡ್ಡಾಯ ಮಾಡುವ ಮಾತು ಸರ್ಕಾರವೇ ಎತ್ತಿತು. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಹೇಳಬಹುದು. ಡಬ್ಬಿಯಲ್ಲಿ ಬಂದ ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಬಿಸಾಡಬೇಡಿ.

ಈಚೆಗೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಶುರುವಾಗಿದೆ, ಜಾಸ್ತಿ ಕಾಲೇಜು ಹುಡುಗರಿಂದ, ಮನೆಯಲ್ಲಿರುವ ಹೆಣ್ಣುಮಕ್ಕಳಿಂದ: "ರಿವ್ಯೂ ಬರೆದರೆ ದುಡ್ಡು ಕೊಡ್ತಾರಂತೆ, ಸೇರಲಾ?" ಬೇಡ. ಟೆಲಿಗ್ರಾಂನಲ್ಲಿ ಬರುವ ಈ ಪಾರ್ಟ್‌ಟೈಮ್ ಕೆಲಸಗಳಲ್ಲಿ ಬಹಳಷ್ಟಕ್ಕೆ ನಿಮ್ಮ ರಿವ್ಯೂ ಬೇಕಾಗೇ ಇಲ್ಲ. ಯಾವುದೋ ಹೋಟೆಲಿಗೆ ಗೂಗಲ್ ಮ್ಯಾಪಿನಲ್ಲಿ ಐದು ಸ್ಟಾರ್ ಕೊಡಿಸಿ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ, ನಂಬಿಕೆ ಬರಲಿ ಅಂತ. ಆಮೇಲೆ ಪ್ರೀಪೇಯ್ಡ್ ಟಾಸ್ಕ್ ಅಂತಾರೆ, ಐದು ಸಾವಿರ ಹಾಕಿದರೆ ಏಳು ಸಾವಿರ ಅಂತಾರೆ, ಆ್ಯಪಿನಲ್ಲಿ ಲಾಭ ಏರ್ತಾ ಇರೋ ಹಾಗೆ ತೋರಿಸುತ್ತಾರೆ, ತೆಗೆಯೋಕೆ ಹೋದರೆ ಮೊದಲು ಟ್ಯಾಕ್ಸ್ ಕಟ್ಟಿ ಅಂತಾರೆ. ಬೆಂಗಳೂರಿನ ಸೈಬರ್ ಪೊಲೀಸರ ಹತ್ತಿರ ಇಂಥ ದೂರು ಬೇಕಾದಷ್ಟಿವೆ, ಲಕ್ಷಗಟ್ಟಲೆ ಕಳೆದುಕೊಂಡ ಸಾಫ್ಟ್‌ವೇರ್‌ನವರೂ ಅದರಲ್ಲಿದ್ದಾರೆ. ಇಂಥ ಕೆಲಸದ ಹೆಸರಲ್ಲಿ ಮೋಸ ಮಾಡುತ್ತಿದ್ದ 100ಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಮುಚ್ಚಿಸಿತು. ಈಗಾಗಲೇ ದುಡ್ಡು ಹಾಕಿದ್ದರೆ ಮನೆಯವರು ಬೈಯುತ್ತಾರೆ ಅಂತ ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೂ ಯಾವುದಾದರೂ ಖಾತೆಯಲ್ಲಿ ಇದ್ದರೆ ಅಲ್ಲೇ ತಡೆಯೋಕೆ ಆಗುತ್ತೆ.